25 ಕೋಟಿ ಲಾಟರಿ ಹೊಡೆದರೆ ತಿಂಗಳಿಗೆ ಎಷ್ಟು?

25 ಕೋಟಿ ಬಂದರೆ ಏನು ಮಾಡ್ತೀರಿ ಅಂತ ಕೇಳಿ ನೋಡಿ. ಯಾರೂ ಯೋಚನೆ ಮಾಡಲು ಹೊತ್ತು ಕೇಳುವುದಿಲ್ಲ. ಮೊದಲು ಸಾಲ ತೀರಿಸೋದು. ಆಮೇಲೆ ಮೈಸೂರಲ್ಲೋ ಬೆಂಗಳೂರಲ್ಲೋ ಒಂದು ಮನೆ. ಊರಲ್ಲಿ ಅಪ್ಪ ಅಮ್ಮನ ಮನೆ ರಿಪೇರಿ. ತಂಗಿಗೆ ಒಂದಿಷ್ಟು, ತಮ್ಮನಿಗೆ ಒಂದಿಷ್ಟು. ಮಕ್ಕಳ ಓದು. ಊರ ದೇವಸ್ಥಾನಕ್ಕೆ, ಓದಿದ ಶಾಲೆಗೆ ಕೈಲಾದಷ್ಟು. ಉಳಿದದ್ದು ಬ್ಯಾಂಕಿಗೆ, ಕೆಲಸಕ್ಕೆ ರಾಜೀನಾಮೆ, ಬಡ್ಡಿಯಲ್ಲಿ ಆರಾಮ ಜೀವನ.

ಈ ಕನಸು ನನಗೆ ಇಷ್ಟ. ಒಬ್ಬ ಮನುಷ್ಯನಿಗೆ ಏನು ಬೇಕು, ಯಾರು ಬೇಕು ಅನ್ನೋದು ಇದರಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ. ಆದರೆ ಇದರಲ್ಲಿ ಒಂದು ಲೆಕ್ಕ ಯಾವಾಗಲೂ ಬಿಟ್ಟುಹೋಗಿರುತ್ತದೆ. 25 ಕೋಟಿ ಅಂದರೆ ಮುಗಿಯದ ಹಣ ಅಂದುಕೊಂಡಿರುತ್ತೇವೆ. ಅದಕ್ಕೊಂದು ಕೊನೆ ಇದೆ, ಆ ಕೊನೆ ನಾವು ಅಂದುಕೊಂಡದ್ದಕ್ಕಿಂತ ಹತ್ತಿರ ಇದೆ. ಆ ಮೊತ್ತವನ್ನು ಜೀವಮಾನಕ್ಕೆ ಹಂಚಿದ ತಿಂಗಳ ಸಂಬಳ ಅಂತ ನೋಡಿದರೆ ಎಲ್ಲವೂ ತಿಳಿಯಾಗುತ್ತದೆ. ಟಿಕೆಟ್ ತೆಗೆಯಬೇಕೋ ಬೇಡವೋ, ಬಂದರೆ ಏನು ಮಾಡಬೇಕು, ಯಾರಿಗೆ ಎಷ್ಟು ಕೊಡಬಹುದು, ಎಲ್ಲ.

ಉದಾಹರಣೆಗೆ ಕೇರಳ ಸರಕಾರ ಓಣಂ ಹಬ್ಬಕ್ಕೆ ನಡೆಸುವ ಲಾಟರಿ, ಓಣಂ ಬಂಪರನ್ನೇ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ದಿನಗೂಲಿ ಮಾಡುವವರ ಮನೆಗಳು ಒಂದಂಕಿ ಲಾಟರಿಯಲ್ಲಿ, ಆನ್‌ಲೈನ್ ಲಾಟರಿಯಲ್ಲಿ ಕರಗಿದ್ದನ್ನು ಕಂಡವರಿಗೆ ಆ ನಿಷೇಧ ಯಾಕೆ ಬಂತು ಅಂತ ವಿವರಿಸಬೇಕಿಲ್ಲ. ಆದರೆ ಗಡಿ ದಾಟಿದರೆ ಸಾಕು. ಮಂಜೇಶ್ವರ, ಕಾಸರಗೋಡಿನ ಕನ್ನಡಿಗರಿಗೆ ಲಾಟರಿ ದಿನನಿತ್ಯದ ಮಾತು. ಬಸ್ ಸ್ಟ್ಯಾಂಡಿನ ಪಕ್ಕ ಕೊಡೆ ಕೆಳಗೆ ಒಂದು ಮೇಜು. ಮೇಜಿನ ಮೇಲೆ ಸಾಲುಸಾಲಾಗಿ ಜೋಡಿಸಿದ ಬಣ್ಣದ ಟಿಕೆಟ್‌ಗಳು, ಗಾಳಿಗೆ ಹಾರದಂತೆ ರಬ್ಬರ್ ಬ್ಯಾಂಡು, ಕ್ಲಿಪ್ಪು. ನಿಂತವರು ಕೊನೆಯ ಅಂಕಿ ನೋಡಿ, ಒಂದನ್ನು ಎಳೆದು, ಮತ್ತೆ ಇಟ್ಟು, ಇನ್ನೊಂದನ್ನು ಎಳೆಯುತ್ತಾರೆ. 2024ರ ಓಣಂ ಬಂಪರಿನ 25 ಕೋಟಿ ಬಂದದ್ದು ಮಂಡ್ಯ ಜಿಲ್ಲೆಯ ಒಬ್ಬರಿಗೆ. ಟಿಕೆಟ್ ತೆಗೆದದ್ದು ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ. ಆ ವಾರ ಹಳೇ ಮೈಸೂರು ಕಡೆಯ ಎಷ್ಟು ಮನೆಗಳಲ್ಲಿ ಈ ಕನಸಿನ ಮಾತು ನಡೆದಿರಬಹುದು, ಊಹಿಸಿಕೊಳ್ಳಿ.

ಟಿಕೆಟ್ ಏನನ್ನು ಮಾರುತ್ತದೆ

ಕೇರಳ ಸರಕಾರ ಲಾಟರಿ ಇಲಾಖೆ ಶುರು ಮಾಡಿದ್ದು 1967ರಲ್ಲಿ. ದೇಶದಲ್ಲಿ ಅಂಥದ್ದು ಅದೇ ಮೊದಲು. ಮೊದಲ ಡ್ರಾ ನಡೆದದ್ದು 1968ರ ಜನವರಿ 26ಕ್ಕೆ. ಟಿಕೆಟ್ಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. ಈಗ ಓಣಂ ಬಂಪರ್ ಟಿಕೆಟ್ಟಿಗೆ 500 ರೂಪಾಯಿ. 2022ರಲ್ಲಿ ಮೊದಲ ಬಹುಮಾನವನ್ನು 25 ಕೋಟಿಗೆ ಏರಿಸಿದರು.

ಟಿಕೆಟ್ಟಿನ ಮೇಲೆ ಎರಡು ಇಂಗ್ಲಿಷ್ ಅಕ್ಷರ, ಆರು ಅಂಕಿ ಇರುತ್ತವೆ. ಅಕ್ಷರಗಳ ಹತ್ತು ಸರಣಿ. ಒಂದೊಂದು ಸರಣಿಯಲ್ಲೂ 1,00,000ದಿಂದ 9,99,999ರ ತನಕ ಒಂಬತ್ತು ಲಕ್ಷ ನಂಬರು. ಅಂದರೆ ಹೆಚ್ಚೆಂದರೆ 90 ಲಕ್ಷ ಟಿಕೆಟ್. 2023ರಲ್ಲಿ ಸುಮಾರು 75 ಲಕ್ಷ ಮಾರಾಟವಾದವು. ನಿಮ್ಮ ಒಂದು ಟಿಕೆಟ್ಟಿಗೆ ಮೊದಲ ಬಹುಮಾನ ಬರುವ ಸಾಧ್ಯತೆ 75 ಲಕ್ಷದಲ್ಲಿ ಒಂದು. 2011ರ ಜನಗಣತಿಯಲ್ಲಿ ಬೆಂಗಳೂರು ನಗರದ ಜನಸಂಖ್ಯೆ 84 ಲಕ್ಷ ಇತ್ತು. ಯಲಹಂಕದಿಂದ ಬೊಮ್ಮನಹಳ್ಳಿ ತನಕ, ಕೆಂಗೇರಿಯಿಂದ ವೈಟ್‌ಫೀಲ್ಡ್ ತನಕ ಎಲ್ಲರ ಹೆಸರೂ ಬರೆದು ಹಾಕಿ, ಒಂದು ಚೀಟಿ ಎತ್ತಿದರೆ ಅದು ನಿಮ್ಮದೇ ಆಗಬೇಕು. ಹೆಚ್ಚುಕಡಿಮೆ ಅಷ್ಟು. ಪ್ರತಿ ವರ್ಷ ತಪ್ಪದೆ ಒಂದೊಂದು ಟಿಕೆಟ್ ತೆಗೆದರೂ 50 ವರ್ಷಕ್ಕೆ ಆ ಸಾಧ್ಯತೆ ಒಂದೂವರೆ ಲಕ್ಷದಲ್ಲಿ ಒಂದು.

ಹಣದ ಲೆಕ್ಕದಲ್ಲೂ ಇದು ನಷ್ಟದ ವ್ಯಾಪಾರವೇ. 75 ಲಕ್ಷ ಟಿಕೆಟ್ ಅಂದರೆ 375 ಕೋಟಿ. ಆ ವರ್ಷ ಐದು ಲಕ್ಷಕ್ಕೂ ಜಾಸ್ತಿ ಬಹುಮಾನಗಳಿದ್ದವು, ಬಹುಪಾಲು ಸಣ್ಣವು, ಎಲ್ಲ ಸೇರಿ ಸುಮಾರು 125 ಕೋಟಿ. ಜನ ಹಾಕಿದ ಮೂರು ರೂಪಾಯಿಯಲ್ಲಿ ಒಂದು ರೂಪಾಯಿ ಜನರಿಗೆ ವಾಪಸ್. ಉಳಿದದ್ದು ಜಿಎಸ್‌ಟಿ, ಏಜೆಂಟರ ಕಮಿಷನ್, ಖರ್ಚು, ಸರಕಾರದ ಪಾಲು. ಜಿಎಸ್‌ಟಿ 28 ಶೇಕಡಾ ಇತ್ತು, 2025ರ ಸೆಪ್ಟೆಂಬರಿನಿಂದ 40 ಆಯಿತು.

ಹಾಗಾದರೆ ಓದಿದವರೂ ಯಾಕೆ ಕೊಳ್ಳುತ್ತಾರೆ? ಡೇನಿಯಲ್ ಕಾನ್ಮನ್, ಏಮಸ್ ಟ್ವರ್ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ತೀರಾ ಸಣ್ಣ ಸಾಧ್ಯತೆಯನ್ನು ನಮ್ಮ ಮನಸ್ಸು ಅದರ ನಿಜವಾದ ಅಳತೆಯಲ್ಲಿ ನೋಡುವುದಿಲ್ಲ, ದೊಡ್ಡದು ಮಾಡಿಕೊಂಡು ನೋಡುತ್ತದೆ. ಟಿಕೆಟ್ಟೇ ಇಲ್ಲದಿದ್ದಾಗ 'ಬರೋದೇ ಇಲ್ಲ'. ಒಂದು ಟಿಕೆಟ್ ಜೇಬಿಗೆ ಬಂದ ಕೂಡಲೇ 'ಬಂದರೂ ಬರಬಹುದು'. ಮನಸ್ಸಿಗೆ ಈ ಎರಡರ ನಡುವೆ ಅಜಗಜಾಂತರ. ಲೆಕ್ಕದಲ್ಲಿ ಹೆಚ್ಚುಕಡಿಮೆ ಎರಡೂ ಒಂದೇ. ಜೊತೆಗೆ, ಗೆದ್ದ ಒಬ್ಬರ ಫೋಟೊ ಎಲ್ಲ ಪೇಪರಿನಲ್ಲಿ ಬರುತ್ತದೆ. ಸೋತ ಲಕ್ಷಾಂತರ ಜನರ ಫೋಟೊ ಹಾಕುವವರಿಲ್ಲ.

ಇಲ್ಲಿಂದ ನೇರ ಉಪಯೋಗಕ್ಕೆ ಬರುವ ಮಾತೊಂದಿದೆ. ಕನಸು ಬರೋದು ಮೊದಲ ಟಿಕೆಟ್ಟಿನಿಂದ. ಎರಡನೆಯದು ಕನಸನ್ನು ದುಪ್ಪಟ್ಟು ಮಾಡುವುದಿಲ್ಲ, ಇಪ್ಪತ್ತನೆಯದು ಏನನ್ನೂ ಮಾಡುವುದಿಲ್ಲ. 500 ರೂಪಾಯಿಗೆ ಒಂದು ತಿಂಗಳು ಖುಷಿಯಾಗಿ ಲೆಕ್ಕ ಹಾಕಿಕೊಂಡಿರುವುದು ಒಂದು ಸಿನಿಮಾ ನೋಡಿದ ಖರ್ಚು. ಹತ್ತು ಸಾವಿರಕ್ಕೆ ಇಪ್ಪತ್ತು ಟಿಕೆಟ್ ತೆಗೆಯೋದು ಸುಮ್ನೆ ಹಣ ಕಳೆದುಕೊಳ್ಳೋದು. 'ಒಂದೇ ನಂಬರಲ್ಲಿ ತಪ್ಪಿಹೋಯ್ತು' ಅನ್ನುವುದಕ್ಕೂ ಅರ್ಥವಿಲ್ಲ. ಡ್ರಾ ಯಂತ್ರಕ್ಕೆ ಪಕ್ಕದ ನಂಬರು, ದೂರದ ನಂಬರು ಎಂಬ ಭೇದ ಇಲ್ಲ. ಒಂದಕ್ಕೆ ಮಾತ್ರ ಬೆಲೆ ಇದೆ: ಆರೂ ಅಂಕಿ ಅದೇ, ಅಕ್ಷರ ಮಾತ್ರ ಬೇರೆ ಇರುವ ಇನ್ನೊಂಬತ್ತು ಟಿಕೆಟ್‌ಗಳಿಗೆ ಐದೈದು ಲಕ್ಷದ ಸಮಾಧಾನ ಬಹುಮಾನ ಕೊಟ್ಟಿದ್ದಾರೆ.

ಕರ್ನಾಟಕದ ಓದುಗರಿಗೆ ಇನ್ನೊಂದು ಎಚ್ಚರಿಕೆ. ಕೇರಳ ಲಾಟರಿ ಕಾಗದದ ಟಿಕೆಟ್, ಅದನ್ನು ಆನ್‌ಲೈನಿನಲ್ಲಿ ಮಾರುವುದಿಲ್ಲ. ವಾಟ್ಸಾಪಿನಲ್ಲಿ 'ಕೇರಳ ಬಂಪರ್ ಬೇಕಾ' ಅಂತ ಬಂದರೆ ಅದು ಮೋಸ. 'ನಿಮಗೆ ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ' ಅಂದರೂ ಮೋಸ. ನಿಜವಾದ ಬಹುಮಾನದಲ್ಲಿ ತೆರಿಗೆ ಮುರಿದುಕೊಂಡೇ ಹಣ ಕೊಡುತ್ತಾರೆ, ನಿಮ್ಮಿಂದ ಒಂದು ರೂಪಾಯಿ ಮುಂಗಡ ಕೇಳುವುದಿಲ್ಲ.

25 ಕೋಟಿ ಕರಗುವ ದಾರಿ

ಸರಿ, ಆ ಒಂದು ಚೀಟಿ ನಿಮ್ಮದೇ ಆಯಿತು ಅಂದುಕೊಳ್ಳಿ.

ಮೊದಲು ಶೇಕಡಾ 10 ಏಜೆಂಟರ ಕಮಿಷನ್. ಅದು ಬಹುಮಾನದ ಮೊತ್ತದಿಂದಲೇ ಹೋಗುತ್ತದೆ. 25 ಕೋಟಿಯಲ್ಲಿ ಎರಡೂವರೆ ಕೋಟಿ ಕಳೆದರೆ 22.5 ಕೋಟಿ. ಇದರ ಮೇಲೆ ಶೇಕಡಾ 30 ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, 6.75 ಕೋಟಿ. ಉಳಿದ 15.75 ಕೋಟಿ ನಿಮ್ಮ ಖಾತೆಗೆ ಬರುತ್ತದೆ. ಪೇಪರಿನವರು ಬರೆಯುವುದೂ ಇದೇ ಮೊತ್ತ.

ಆದರೆ ಇದು ಪೂರ್ತಿ ನಿಮ್ಮದಲ್ಲ. ಗೆದ್ದವರು ಎಡವುವ ಜಾಗ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಆದಾಯ ಇಷ್ಟು ದೊಡ್ಡದಾದಾಗ ತೆರಿಗೆಯ ಮೇಲೆ ಇನ್ನಷ್ಟು ತೆರಿಗೆ, ಅಂದರೆ ಸರ್‌ಚಾರ್ಜ್ ಬೀಳುತ್ತದೆ. ಎರಡು ಕೋಟಿ ದಾಟಿದವರಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಅದು ಶೇಕಡಾ 25. ಗಮನಿಸಿ, ಇದು ಆದಾಯದ 25 ಅಲ್ಲ, ತೆರಿಗೆಯ 25. 6.75 ಕೋಟಿಗೆ ಸುಮಾರು 1.69 ಕೋಟಿ. ಎರಡೂ ಸೇರಿದ ಮೇಲೆ ಶೇಕಡಾ 4 ಸೆಸ್, ಸುಮಾರು 34 ಲಕ್ಷ. ಒಟ್ಟು ತೆರಿಗೆ ಸುಮಾರು 8.78 ಕೋಟಿ. ಮುರಿದುಕೊಂಡದ್ದು 6.75 ಮಾತ್ರ. ಹಾಗಿದ್ದರೆ ಇನ್ನೂ ಎರಡು ಕೋಟಿಗಿಂತ ಸ್ವಲ್ಪ ಜಾಸ್ತಿ ನೀವೇ ಕಟ್ಟಬೇಕು, ಅದೂ ಮುಂಗಡ ತೆರಿಗೆಯ ಗಡುವಿನೊಳಗೆ. ತಡವಾದರೆ ಬಡ್ಡಿ.

ಕೊನೆಗೆ ನಿಜವಾಗಿ ಉಳಿಯುವುದು ಸುಮಾರು 13.7 ಕೋಟಿ. 15.75 ಕೋಟಿಯನ್ನೂ ಸೈಟು, ಮನೆ, ದಾನ ಅಂತ ಹಂಚಿ ಮುಗಿಸಿದವರಿಗೆ ಮಾರ್ಚ್ ತಿಂಗಳಲ್ಲಿ ಎರಡು ಕೋಟಿ ಹೊಂದಿಸುವ ಪಾಡು. ಸಿಎ ಹತ್ತಿರ ಹೋದ ಮೊದಲ ದಿನವೇ ಈ ಎರಡು ಕೋಟಿಯನ್ನು ಬೇರೆ ಖಾತೆಯಲ್ಲಿ ಎತ್ತಿಟ್ಟುಬಿಡಬೇಕು.

ಇನ್ನೊಂದು ಸೂಕ್ಷ್ಮ. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡರೆ ಐದು ಕೋಟಿ ದಾಟಿದ ಆದಾಯಕ್ಕೆ ಸರ್‌ಚಾರ್ಜ್ ಶೇಕಡಾ 37. ಆಗ ಕೈಗೆ ಉಳಿಯುವುದು 12.88 ಕೋಟಿ. ಫಾರಂನಲ್ಲಿ ಒಂದು ಆಯ್ಕೆ ಬದಲಾದರೆ 84 ಲಕ್ಷ ಹೋಯಿತು. ಎಲ್‌ಐಸಿ, ಪಿಎಫ್, ಮಕ್ಕಳ ಶಾಲೆ ಫೀಸು ತೋರಿಸಿ ಲಾಟರಿ ಹಣದ ತೆರಿಗೆ ಇಳಿಸಲು ಆಗುವುದಿಲ್ಲ. ಇಷ್ಟು ವರ್ಷ ಸೋತ ಟಿಕೆಟ್‌ಗಳ ಖರ್ಚನ್ನೂ ಕಳೆಯುವ ಹಾಗಿಲ್ಲ.

ಅದು ಎಂಥಾ ಸಂಬಳ

13.7 ಕೋಟಿಯನ್ನು ಶೇಕಡಾ 7ರ ಎಫ್‌ಡಿಯಲ್ಲಿ ಇಟ್ಟರೆ ವರ್ಷಕ್ಕೆ 96 ಲಕ್ಷ ಬಡ್ಡಿ. ತಿಂಗಳಿಗೆ ಎಂಟು ಲಕ್ಷ! ಕನಸು ಸಾಮಾನ್ಯವಾಗಿ ನಿಲ್ಲುವುದು ಇಲ್ಲೇ. ಆದರೆ ಆ ಬಡ್ಡಿಗೂ ಪ್ರತಿ ವರ್ಷ ತೆರಿಗೆ ಇದೆ. ಬೇರೆ ಆದಾಯ ಇಲ್ಲದಿದ್ದರೂ ಅದು ಸುಮಾರು 28 ಲಕ್ಷ ಆಗುತ್ತದೆ. ಉಳಿಯುವುದು 68 ಲಕ್ಷ. ಈಗ ಬೆಲೆ ಏರಿಕೆಯನ್ನು ನೋಡಿ. ವರ್ಷಕ್ಕೆ ಶೇಕಡಾ 5ರಷ್ಟು ಬೆಲೆ ಏರಿದರೆ, 13.7 ಕೋಟಿಯ ಕೊಳ್ಳುವ ಶಕ್ತಿ ಹಾಗೇ ಉಳಿಯಲು ಅದಕ್ಕೆ ವರ್ಷಕ್ಕೆ 68 ಲಕ್ಷ ಸೇರುತ್ತಲೇ ಇರಬೇಕು. ಎರಡೂ ಒಂದೇ ಮೊತ್ತ. ಬಡ್ಡಿಯನ್ನೆಲ್ಲ ಖರ್ಚು ಮಾಡುತ್ತಾ ಹೋದರೆ ಅಸಲು ಕಾಗದದ ಮೇಲೆ ಹಾಗೇ ಇರುತ್ತದೆ. ಆದರೆ ಹದಿನಾಲ್ಕು ವರ್ಷ ಕಳೆಯುವ ಹೊತ್ತಿಗೆ ಅದರ ಬೆಲೆ ಅರ್ಧ ಆಗಿರುತ್ತದೆ.

ಆದ್ದರಿಂದ ನೇರವಾಗಿ ಹೀಗೆ ಲೆಕ್ಕ ಹಾಕಿ. ಬಡ್ಡಿ ಬೆಲೆ ಏರಿಕೆಯನ್ನು ಸರಿದೂಗಿಸಲಿ. ಅಸಲನ್ನು 40 ವರ್ಷಕ್ಕೆ ಹಂಚೋಣ. ವರ್ಷಕ್ಕೆ 34 ಲಕ್ಷ ಚಿಲ್ಲರೆ, ತಿಂಗಳಿಗೆ ಇವತ್ತಿನ ಬೆಲೆಯಲ್ಲಿ ಸುಮಾರು 2 ಲಕ್ಷ 85 ಸಾವಿರ. 25 ಕೋಟಿ ಅಂದರೆ ಇಷ್ಟು.

ಈಗ ಮೊದಲಿನ ಪಟ್ಟಿಗೆ ಬರೋಣ. ಮನೆಗೆ ಎರಡು ಕೋಟಿ. ಊರ ಮನೆಗೆ 50 ಲಕ್ಷ. ತಂಗಿ, ತಮ್ಮನಿಗೆ 50-50 ಲಕ್ಷ. ಸಾಲ 20 ಲಕ್ಷ. ಕಾರು 25 ಲಕ್ಷ. ದೇವಸ್ಥಾನ, ಶಾಲೆಗೆ 25 ಲಕ್ಷ. ಮಕ್ಕಳ ಓದಿಗೆ ಒಂದು ಕೋಟಿ. ಒಟ್ಟು 5.2 ಕೋಟಿ. ದುಂದು ಅನ್ನುವಂಥದ್ದು ಇದರಲ್ಲಿ ಒಂದೂ ಇಲ್ಲ, ಅಲ್ವಾ? ಉಳಿದದ್ದು ಎಂಟೂವರೆ ಕೋಟಿ. ತಿಂಗಳಿಗೆ ಒಂದು ಲಕ್ಷ 77 ಸಾವಿರ.

ಇದು ಬಹಳ ಒಳ್ಳೆಯ ಬದುಕು. ಸ್ವಂತ ಮನೆ, ಸಾಲವಿಲ್ಲ, ಮೇಲೆ ತಿಂಗಳಿಗೆ ಇಷ್ಟು ಹಣ ಇದ್ದರೆ ನೆಮ್ಮದಿಯಾಗಿ ಇರಬಹುದು. ಆದರೆ ಇದು ಒಬ್ಬ ಅನುಭವಿ ಇಂಜಿನಿಯರ್ ಮನೆಯ ಸಂಬಳ, ಉದ್ಯಮಿ ಮನೆಯ ತಿಜೋರಿಯಲ್ಲ. ಸಂಬಳದ ಬದುಕನ್ನು ತಿಜೋರಿಯ ಬದುಕು ಅಂದುಕೊಂಡಾಗಲೇ ಕಷ್ಟ ಶುರುವಾಗುವುದು. ಎರಡನೇ ಮನೆ, ಮೂರನೇ ಕಾರು, ಭಾವನ ಬಿಸಿನೆಸ್ಸಿಗೆ ಒಂದು ಕೋಟಿ. ಒಂದೊಂದು ಕೋಟಿ ಹೋದಾಗಲೂ ತಿಂಗಳ ಸಂಬಳದಲ್ಲಿ 21 ಸಾವಿರ ಜೀವನಪೂರ್ತಿ ಕಡಿಮೆಯಾಗುತ್ತದೆ. ಈ ಒಂದು ಅಂಕಿಯನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಸಾಕು, ಯಾವ ಖರ್ಚನ್ನು ಬೇಕಾದರೂ ತೂಗಿ ನೋಡಬಹುದು.

ಅಮೆರಿಕದಲ್ಲಿ ಲಾಟರಿಯವರೇ ಈ ಲೆಕ್ಕ ಮಾಡಿಕೊಡುತ್ತಾರೆ. 2022ರ ನವೆಂಬರಿನಲ್ಲಿ ಪವರ್‌ಬಾಲ್ ಬಹುಮಾನ 204 ಕೋಟಿ ಡಾಲರ್ ಮುಟ್ಟಿತು. ಆ ಮೊತ್ತ 30 ಕಂತುಗಳಲ್ಲಿ ತೆಗೆದುಕೊಂಡರೆ ಮಾತ್ರ. ಒಂದೇ ಸಲಕ್ಕೆ ಬೇಕೆಂದರೆ ತೆರಿಗೆಗೆ ಮೊದಲೇ ಅದು 100 ಕೋಟಿ ಡಾಲರಿಗೂ ಸ್ವಲ್ಪ ಕಡಿಮೆ. ಸ್ವೀಡನ್ನಿನಲ್ಲಿ ಬಹುಮಾನವನ್ನೇ ತಿಂಗಳ ಕಂತಿನಲ್ಲಿ ಕೊಡುವ ಲಾಟರಿ ಇದೆ. ನಮ್ಮಲ್ಲಿ ಒಂದೇ ಗಂಟು ಬರುತ್ತದೆ, ಸಂಬಳ ಮಾಡಿಕೊಳ್ಳುವ ಕೆಲಸ ಗೆದ್ದವರ ಮೇಲೇ ಬೀಳುತ್ತದೆ.

ಮೊದಲ ಮೂವತ್ತು ದಿನ

ನಂಬರು ತಾಳೆಯಾಯಿತು. ಮೊದಲು ಮಾಡಬೇಕಾದದ್ದು ಫೋನ್ ಎತ್ತುವುದಲ್ಲ, ಪೆನ್ ಎತ್ತುವುದು. ಟಿಕೆಟ್ಟಿನ ಹಿಂದೆ ಹೆಸರು, ವಿಳಾಸ, ಸಹಿ. ಆ ಕಾಗದ ಯಾರ ಕೈಯಲ್ಲಿದೆಯೋ ಅವರದೇ ಹಕ್ಕು ಎಂಬಂಥ ವಸ್ತು ಅದು. ಎರಡೂ ಬದಿ ಫೋಟೊ ತೆಗೆದಿಡಿ. ಮಡಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಅಂಗಿ ಜೇಬಲ್ಲಿ ಇಟ್ಟು ಒಗೆಯಲು ಹಾಕಬೇಡಿ. ಫಲಿತಾಂಶವನ್ನು ಅಧಿಕೃತ ಗೆಜೆಟ್ ಪಟ್ಟಿಯ ಜೊತೆ ಇನ್ನೊಮ್ಮೆ ಹೋಲಿಸಿ ನೋಡಿ.

ಡ್ರಾ ಆದ 30 ದಿನದೊಳಗೆ ಟಿಕೆಟ್ ಒಪ್ಪಿಸಬೇಕು. ಐದು ಸಾವಿರದವರೆಗಿನ ಬಹುಮಾನ ಅಂಗಡಿಯಲ್ಲೇ ಸಿಗುತ್ತದೆ. ದೊಡ್ಡದಕ್ಕೆ ಲಾಟರಿ ಇಲಾಖೆ ಇಲ್ಲವೇ ಬ್ಯಾಂಕಿನ ಮೂಲಕ, ಪಾನ್, ಗುರುತಿನ ದಾಖಲೆ ಸಮೇತ ಹೋಗಬೇಕು. ಕರ್ನಾಟಕದವರಾದರೆ ದಾಖಲೆಗಳಿಗೆ ನೋಟರಿ ಸಹಿಯೂ ಬೇಕಾಗುತ್ತದೆ. ಟಿಕೆಟ್ ಕೇರಳದೊಳಗೇ ಕೊಂಡದ್ದಾಗಿರಬೇಕು. ಅದನ್ನು ಹೊರಗೆ ತಂದು ಮಾರುವಂತಿಲ್ಲ. 2023ರಲ್ಲಿ 25 ಕೋಟಿ ಗೆದ್ದದ್ದು ತಮಿಳುನಾಡಿನ ನಾಲ್ವರು ಗೆಳೆಯರು. ಆ ಟಿಕೆಟ್ ತಮಿಳುನಾಡಿನಲ್ಲಿ ಮಾರಿದ್ದು ಅಂತ ಆಗ ದೂರು ಹೋಗಿತ್ತು. ಹಾಗಾಗಿ ಊರಿಗೆ ಯಾರೋ ತಂದುಕೊಟ್ಟ ಟಿಕೆಟ್ಟನ್ನು ಜಾಸ್ತಿ ಬೆಲೆ ಕೊಟ್ಟು ಕೊಳ್ಳಬೇಡಿ. ಗೆದ್ದರೂ ತಲೆನೋವು ತಪ್ಪಿದ್ದಲ್ಲ.

ಹಣ ಬಂದ ಮೇಲೆ ಎಲ್ಲಿಡುವುದು? ಯಾವುದೇ ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಕೊಡುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ಮಾತ್ರ. ಪರಿಚಯದ ಸಹಕಾರ ಬ್ಯಾಂಕಿನವರು ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತಾರೆ ಅಂತ ಕೋಟಿಗಟ್ಟಲೆ ಒಂದೇ ಕಡೆ ಇಡಬಾರದು. 2020ರಲ್ಲಿ ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ನಿವೃತ್ತರು ತಮ್ಮದೇ ಹಣ ತೆಗೆಯಲಾಗದೆ ಬೀದಿಗೆ ಬಂದು ನಿಂತದ್ದು ಆ ಕಡೆಯವರಿಗೆ ಇನ್ನೂ ನೆನಪಿದೆ. ಸರಕಾರದ ಬಾಂಡು, 91 ದಿನದ ಟ್ರೆಷರಿ ಬಿಲ್ಲುಗಳನ್ನು (ಸರಕಾರದ ಅಲ್ಪಾವಧಿ ಸಾಲಪತ್ರ) ಈಗ ಸಾಮಾನ್ಯರೂ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆ ತೆರೆದು ನೇರವಾಗಿ ಕೊಳ್ಳಬಹುದು. 2021ರಿಂದ ಆ ವ್ಯವಸ್ಥೆ ಇದೆ. ಮೊದಲ ಆರು ತಿಂಗಳು ಹಣ ಅಲ್ಲೋ, ದೊಡ್ಡ ಬ್ಯಾಂಕುಗಳಲ್ಲೋ ಸುಮ್ಮನೆ ಕೂತಿರಲಿ. ಆ ಅವಧಿಯಲ್ಲಿ ಮಾಡಬೇಕಾದ ಒಂದೇ ಖರ್ಚು ಸಾಲ ತೀರಿಸುವುದು. ಕೈಸಾಲ, ಚಿನ್ನದ ಸಾಲ, ಬೆಳೆ ಸಾಲ, ಎಲ್ಲ. ಜೊತೆಗೆ ಒಂದು ಉಯಿಲು ಬರೆಸಿಡಿ. ಬ್ಯಾಂಕಿನಲ್ಲಿ ನಾಮಿನಿ ಹೆಸರಿದೆ ಅಂದ ಮಾತ್ರಕ್ಕೆ ಹಣ ಅವರದಾಗುವುದಿಲ್ಲ. ವಾರಸುದಾರರ ಪರವಾಗಿ ತೆಗೆದುಕೊಳ್ಳುವವರು ಅವರು, ಅಷ್ಟೆ.

ಕೊಡುವುದೂ ಒಂದು ಕೆಲಸ

2022ರಲ್ಲಿ ಮೊದಲ ಸಲ 25 ಕೋಟಿ ಬಂದದ್ದು ಒಬ್ಬ ಆಟೋ ಚಾಲಕರಿಗೆ. ಕೆಲವೇ ದಿನಗಳಲ್ಲಿ ಅವರು ಮಾಧ್ಯಮದ ಮುಂದೆ ಕೈಮುಗಿಯುವ ಸ್ಥಿತಿಗೆ ಬಂದರು. ಬೆಳಗಾದರೆ ಮನೆ ಮುಂದೆ ಜನ. ಒಬ್ಬರಿಗೆ ಆಪರೇಷನ್, ಇನ್ನೊಬ್ಬರಿಗೆ ಮಗಳ ಮದುವೆ, ಮತ್ತೊಬ್ಬರಿಗೆ ಸಾಲ. ಸ್ವಂತ ಮನೆಯಲ್ಲಿ ಇರಲಾಗದೆ ಜಾಗ ಬದಲಿಸಬೇಕಾಯಿತು. ಇನ್ನೂ ಪೂರ್ತಿ ಹಣ ಕೈಗೇ ಬಂದಿರಲಿಲ್ಲ ಆಗ. ಇಷ್ಟು ಬೇಕಿರಲಿಲ್ಲ, ಚಿಕ್ಕ ಬಹುಮಾನ ಬಂದಿದ್ದರೇ ಚೆನ್ನಾಗಿತ್ತು ಎಂಬ ಮಾತು ಅವರ ಬಾಯಿಂದ ಬಂತು. ಮರುವರ್ಷ ಕೇರಳ ಸರಕಾರ ಗೆದ್ದವರಿಗಾಗಿ ಹಣ ನಿಭಾಯಿಸುವ ತರಬೇತಿಯನ್ನೇ ಶುರು ಮಾಡಿತು. ಇದು ತುಂಬಾ ಒಳ್ಳೆಯ ಕೆಲಸ, ಬಹುಮಾನ ಕೊಡುವವರೆಲ್ಲ ಮಾಡಬೇಕಾದದ್ದು. ಹೆಸರು ಹೊರಗೆ ಹಾಕಬೇಡಿ ಅಂತ ಇಲಾಖೆಯನ್ನು ಕೇಳಿಕೊಂಡ ವಿಜೇತರೂ ಇದ್ದಾರೆ. ನನ್ನ ಮಟ್ಟಿಗೆ ಅದೇ ಜಾಣತನ.

ಗುಟ್ಟಾಗಿಡುವುದರಿಂದ ಅಕ್ಕಪಕ್ಕದವರಿಗೂ ಒಳ್ಳೆಯದೇ. 2020ರಲ್ಲಿ ಕೆನಡಾದಿಂದ ಒಂದು ಅಧ್ಯಯನ ಪ್ರಕಟವಾಯಿತು. ಲಾಟರಿ ಗೆದ್ದವರ ಹತ್ತಿರದ ಬೀದಿಗಳಲ್ಲಿ ನೋಡಿದರೆ, ಗೆದ್ದ ಮೊತ್ತ ದೊಡ್ಡದಾದಷ್ಟೂ ನೆರೆಯವರು ದಿವಾಳಿಯಾಗುವುದು ಹೆಚ್ಚು. ಪಕ್ಕದ ಮನೆಗೆ ಹೊಸ ಕಾರು ಬಂದಾಗ ನಮ್ಮ ಮನೆಗೂ ಒಂದು ಬೇಕು ಅನಿಸುತ್ತದೆ, ಅವರ ಹತ್ತಿರ ಬಹುಮಾನ ಇದೆ, ನಮ್ಮ ಹತ್ತಿರ ಸಾಲ.

ಇನ್ನು ಮನೆಯವರಿಗೆ ಕೊಡುವ ವಿಚಾರ. ಆದಾಯ ತೆರಿಗೆ ಕಾನೂನಿನ ಪ್ರಕಾರ ಸಂಬಂಧಿಕರು ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಬೇರೆಯವರಿಂದ ವರ್ಷಕ್ಕೆ 50 ಸಾವಿರ ದಾಟಿ ಬಂದರೆ, ಪಡೆದವರು ಪೂರ್ತಿ ಮೊತ್ತಕ್ಕೆ ತೆರಿಗೆ ಕಟ್ಟಬೇಕು. ಯಾರು ಸಂಬಂಧಿಕರು ಅನ್ನುವುದಕ್ಕೆ ಕಾನೂನಿನದೇ ಒಂದು ಪಟ್ಟಿ ಇದೆ, ನಮ್ಮ ಮದುವೆ ಕರೆಯೋಲೆಯ ಪಟ್ಟಿ ಅಲ್ಲಿ ನಡೆಯುವುದಿಲ್ಲ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಮೊಮ್ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ, ಭಾವ, ನಾದಿನಿ ಇವರೆಲ್ಲ ಒಳಗೆ. ಚಿಕ್ಕಪ್ಪನ ಮಗ ಹೊರಗೆ, ಒಂದೇ ಮನೆಯಲ್ಲಿ ಬೆಳೆದಿದ್ದರೂ.

ಅಚ್ಚರಿಯ ವಿಷಯ ಅಂದರೆ ಈ ಸಂಬಂಧವನ್ನು ಪಡೆಯುವವರ ಕಡೆಯಿಂದ ನೋಡುತ್ತಾರೆ. ಸೋದರಮಾವ ಅಳಿಯನಿಗೆ ಹಣ ಕೊಟ್ಟರೆ ತೆರಿಗೆ ಇಲ್ಲ. ಯಾಕೆಂದರೆ ಕೊಟ್ಟವರು ಪಡೆದವನ ತಾಯಿಯ ಒಡಹುಟ್ಟಿದವರು, ಪಟ್ಟಿಯಲ್ಲಿ ಇದ್ದಾರೆ. ಅದೇ ಅಳಿಯ ಲಾಟರಿ ಗೆದ್ದು, ತನ್ನನ್ನು ಓದಿಸಿದ ಮಾವನಿಗೆ 20 ಲಕ್ಷ ಕೊಟ್ಟರೆ ಮಾವ ತೆರಿಗೆ ಕಟ್ಟಬೇಕು. ಮಾವನ ಕಡೆಯಿಂದ ನೋಡಿದರೆ ಅಕ್ಕನ ಮಗ ಪಟ್ಟಿಯಲ್ಲಿ ಇಲ್ಲ. ನಮ್ಮಲ್ಲಿ ಎಷ್ಟೋ ಹುಡುಗರನ್ನು ದಡ ಸೇರಿಸಿದವರು ಸೋದರಮಾವಂದಿರೇ, ಹಾಗಾಗಿ ಇದು ತಿಳಿದಿರಬೇಕಾದ ವಿಷಯ. ಹೆಂಡತಿಗೆ ಕೊಟ್ಟರೆ ತೆರಿಗೆ ಇಲ್ಲ ನಿಜ, ಆದರೆ ಆ ಹಣದ ಬಡ್ಡಿಯನ್ನು ಮತ್ತೆ ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಚಿಕ್ಕ ಮಕ್ಕಳ ಹೆಸರಲ್ಲಿ ಇಟ್ಟರೂ ಅಷ್ಟೇ.

ಯಾರಿಗೆ ಎಷ್ಟು ಅನ್ನೋದನ್ನು ಕೇಳಲು ಬರುವ ಮೊದಲೇ ಕೂತು ಬರೆದುಬಿಡಬೇಕು. ಒಟ್ಟು ಮೊತ್ತ ಮೊದಲು, ಹೆಸರುಗಳು ಆಮೇಲೆ. ಆಗ 'ಇಲ್ಲ' ಅನ್ನುವ ಬದಲು 'ಹಂಚುವುದಕ್ಕೆ ಇಟ್ಟದ್ದು ಮುಗಿದಿದೆ' ಅನ್ನಬಹುದು. ಅದು ಸುಳ್ಳೂ ಅಲ್ಲ.

ಗೆದ್ದವರು ಸುಖವಾಗಿದ್ದಾರಾ?

'ಲಾಟರಿ ಗೆದ್ದ ನೂರರಲ್ಲಿ ಎಪ್ಪತ್ತು ಜನ ಕೆಲವೇ ವರ್ಷಗಳಲ್ಲಿ ದಿವಾಳಿ ಆಗುತ್ತಾರೆ' ಎಂಬ ಮಾತನ್ನು ನೀವೂ ಓದಿರುತ್ತೀರಿ. ಇದನ್ನು ಅಮೆರಿಕದ ಒಂದು ಹಣಕಾಸು ಶಿಕ್ಷಣ ಸಂಸ್ಥೆಯ ಹೆಸರಲ್ಲಿ ಹೇಳುತ್ತಾರೆ. 2018ರಲ್ಲಿ ಆ ಸಂಸ್ಥೆಯೇ, ಇದು ನಮ್ಮ ಸಂಶೋಧನೆಯಲ್ಲ, ಇದಕ್ಕೆ ಆಧಾರ ಇಲ್ಲ ಅಂತ ಹೇಳಿಕೆ ಕೊಟ್ಟಿತು. ಮಾತು ಮಾತ್ರ ಇನ್ನೂ ಓಡಾಡುತ್ತಿದೆ.

ಗೆದ್ದವರಿಗೆ ಖುಷಿ ಇರುವುದಿಲ್ಲ ಅನ್ನುವುದಕ್ಕೆ ಎಲ್ಲರೂ ತೋರಿಸುವುದು 1978ರ ಒಂದು ಅಮೆರಿಕನ್ ಅಧ್ಯಯನ. ಅದರಲ್ಲಿ ಇದ್ದ ವಿಜೇತರು ಬರೀ 22 ಜನ. 2020ರಲ್ಲಿ ಸ್ವೀಡನ್ನಿನ ಸಂಶೋಧಕರು ಮೂರು ಸಾವಿರಕ್ಕೂ ಹೆಚ್ಚು ಲಾಟರಿ ಆಡುವವರನ್ನು, ಡ್ರಾ ಆಗಿ ಐದರಿಂದ 22 ವರ್ಷ ಕಳೆದ ಮೇಲೆ ವಿಚಾರಿಸಿದರು. ದೊಡ್ಡ ಬಹುಮಾನ ಬಂದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿಯಿಂದ ಇದ್ದರು, ಹತ್ತು ವರ್ಷ ದಾಟಿದರೂ ಅದು ಮಾಸಿರಲಿಲ್ಲ. ದಿನದಿನದ ಉಲ್ಲಾಸದಲ್ಲಿ ಮಾತ್ರ ಅಷ್ಟು ವ್ಯತ್ಯಾಸ ಇರಲಿಲ್ಲ. ಸ್ವೀಡನ್ನಿನ ವಿಜೇತರನ್ನೇ ನೋಡಿದ ಇನ್ನೊಂದು ಅಧ್ಯಯನದ ಪ್ರಕಾರ, ಹೆಚ್ಚಿನವರು ಕೆಲಸ ಬಿಡಲಿಲ್ಲ, ಸ್ವಲ್ಪ ಕಡಿಮೆ ಮಾಡಿಕೊಂಡರು. ಹಣವನ್ನು ವರ್ಷಗಳ ಮೇಲೆ ಹರಡಿಕೊಂಡರು. ಅಂದರೆ ಸಂಬಳದ ಹಾಗೆ ಬಳಸಿದರು.

ಫ್ಲೋರಿಡಾದ ಕಥೆ ಬೇರೆ. 50 ಸಾವಿರದಿಂದ ಒಂದೂವರೆ ಲಕ್ಷ ಡಾಲರ್ ಗೆದ್ದವರು ಮೊದಲ ಎರಡು ವರ್ಷ ದಿವಾಳಿಯಾಗುವುದು ಕಡಿಮೆಯಾಯಿತು, ಮೂರರಿಂದ ಐದನೇ ವರ್ಷದಲ್ಲಿ ಅಷ್ಟೇ ಹೆಚ್ಚಾಯಿತು ಅಂತ 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬಹುಮಾನ ದಿವಾಳಿಯನ್ನು ಮುಂದಕ್ಕೆ ಹಾಕಿತು, ತಪ್ಪಿಸಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಹಣ ಯಾರನ್ನೂ ಕೆಡಿಸುವುದಿಲ್ಲ. ಸಾಲ ಮಾಡುವ ಅಭ್ಯಾಸ ಮೊದಲೇ ಇದ್ದರೆ ಅದು ಹಣದ ಜೊತೆ ಮುಂದುವರಿಯುತ್ತದೆ.

ಸೇರಿಕೊಂಡು ತೆಗೆಯುವವರಿಗೆ

2023ರ ಕೇರಳ ಮಾನ್ಸೂನ್ ಬಂಪರ್. ಟಿಕೆಟ್ 250 ರೂಪಾಯಿ, ಮೊದಲ ಬಹುಮಾನ 10 ಕೋಟಿ. ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಹೆಂಗಸರು ಸೇರಿ ಒಂದು ಟಿಕೆಟ್ ತೆಗೆದರು. ಒಬ್ಬೊಬ್ಬರು 25 ರೂಪಾಯಿ. ಇಬ್ಬರ ಹತ್ತಿರ ಅಷ್ಟೂ ಇರಲಿಲ್ಲ, ಅವರು ಹನ್ನೆರಡೂವರೆ ರೂಪಾಯಿಯಂತೆ ಹಾಕಿ ಒಂದು ಪಾಲು ಮಾಡಿಕೊಂಡರು. ಆ ಟಿಕೆಟ್ಟಿಗೇ ಬಂತು. ಬಹುಮಾನ ಬಂದ ಮೇಲೂ ಕೆಲಸ ಬಿಡುವುದಿಲ್ಲ ಅಂದರು.

ನೂರಾರು ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಕನಸಿಗೆ ಕೊಟ್ಟ ಬೆಲೆ 25 ರೂಪಾಯಿ, ಸೋತಿದ್ದರೆ ಯಾರ ಮನೆಯ ಒಲೆಯೂ ಆರುತ್ತಿರಲಿಲ್ಲ. ಗೆದ್ದಾಗ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಮನೆ, ತೀರಿದ ಸಾಲ, ಮಕ್ಕಳ ಓದು. ತಲೆ ತಿರುಗಿಸುವಷ್ಟು ದೊಡ್ಡದಲ್ಲ.

ಹಾಗೆ ಗುಂಪಾಗಿ ತೆಗೆಯುವುದಾದರೆ ಡ್ರಾಗೆ ಮೊದಲೇ ಒಂದು ಹಾಳೆ ಬರೆದಿಡಿ. ಟಿಕೆಟ್ ನಂಬರು, ಯಾರು ಯಾರು, ಎಷ್ಟೆಷ್ಟು ಹಾಕಿದ್ದು, ಎಲ್ಲರ ಸಹಿ, ದಿನಾಂಕ. ಅದರ ಫೋಟೊ ಎಲ್ಲರ ಫೋನಿಗೂ ಕಳಿಸಿ. ಬಹುಮಾನ ಬಂದರೆ ಎಲ್ಲರ ಹೆಸರಲ್ಲೂ ಸೇರಿಯೇ ಅರ್ಜಿ ಹಾಕಬೇಕು. ಒಬ್ಬರ ಹೆಸರಲ್ಲಿ ಪಡೆದು ಆಮೇಲೆ ಹಂಚಿದರೆ ಅದು ಗೆಳೆಯರಿಗೆ ಕೊಟ್ಟ ಉಡುಗೊರೆಯಾಗಿ ಕಂಡೀತು, ಒಂದೇ ಹಣಕ್ಕೆ ಎರಡು ಸಲ ತೆರಿಗೆ ಬಿದ್ದೀತು. ಬೇರೆ ಬೇರೆಯಾಗಿ ಬಂದರೆ ಇನ್ನೊಂದು ಲಾಭವೂ ಇದೆ. ಪಾಲು ಎರಡು ಕೋಟಿಗಿಂತ ಕಡಿಮೆ ಇದ್ದರೆ ಸರ್‌ಚಾರ್ಜ್ ಶೇಕಡಾ 15ಕ್ಕೆ ಇಳಿಯುತ್ತದೆ, 50 ಲಕ್ಷದಿಂದ ಒಂದು ಕೋಟಿಯ ನಡುವೆ ಇದ್ದರೆ ಶೇಕಡಾ 10ಕ್ಕೆ.